ಏಳು ಬೆಳೆಗಳ ನಾಡು, ರಾಗಿಯ ನಾಡು



ಕೋಲಾರ ಜಿಲ್ಲೆಯಲ್ಲಿ ಇಸ್ರೇಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ರೈತರ ಕಣ್ಣಮುಂದೆ ನಿಲ್ಲುವುದು ಹನಿ ನೀರಾವರಿಯ ಕಪ್ಪು ಕೊಳವೆ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಭಾರತ ಮತ್ತು ಇಸ್ರೇಲ್ ಸಹಕಾರದ ಮಾವಿನ ಉತ್ಕೃಷ್ಟತಾ ಕೇಂದ್ರವಿದೆ. 2018ರ ರಾಜ್ಯ ಮುಂಗಡಪತ್ರದಲ್ಲಿ ಕೋಲಾರ, ಚಿತ್ರದುರ್ಗ, ಕೊಪ್ಪಳ ಮತ್ತು ಗದಗ ಜಿಲ್ಲೆಗಳ ಒಣಭೂಮಿಗೆ ‘ಇಸ್ರೇಲ್ ಮಾದರಿ’ ಕೃಷಿಯನ್ನು ತರುವುದಾಗಿ ಘೋಷಣೆಯೂ ಆಯಿತು. ಇನ್ನೊಂದು ನಾಡಿನಿಂದ ತಂತ್ರವನ್ನು ಕಲಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ಲಾಸ್ಟಿಕ್ ಕೊಳವೆ ಹುಟ್ಟುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ಒಣ ಬೆಟ್ಟಗಳ ರೈತರು ಏನನ್ನು ಬೆಳೆದರು, ಏನನ್ನು ಉಂಡರು, ಹೊಲವನ್ನೂ ಮರವನ್ನೂ ಯಾವ ಕಟ್ಟಳೆಗಳಿಂದ ಕಾಪಾಡಿಕೊಂಡರು ಎಂಬುದು ಯೆಹೂದ್ಯರ ಧರ್ಮಗ್ರಂಥದಲ್ಲಿ ದಾಖಲಾಗಿದೆ. ಆ ಮಾದರಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಇಂದಿನ ಮಾತು ಅದರ ಕುರಿತು, ಅದರ ಪಕ್ಕದಲ್ಲಿ ಅಂತರಗಂಗೆ, ಆವಣಿ, ಕುರುಡುಮಲೆ ಮತ್ತು ಟೇಕಲ್ ಬೆಟ್ಟಗಳ ಆಸುಪಾಸಿನ ಆಹಾರದ ಕುರಿತು.

ಧರ್ಮೋಪದೇಶಕಾಂಡವೆಂಬ ಭಾಗದಲ್ಲಿ ಒಂದು ಹೋಲಿಕೆ ಬರುತ್ತದೆ. ಈಜಿಪ್ಟಿನಲ್ಲಿ ನದಿಯಿದೆ, ಅಲ್ಲಿ ತರಕಾರಿ ತೋಟಕ್ಕೆ ನೀರು ಹಾಯಿಸುವಂತೆ ಹೊಲಕ್ಕೆ ನೀರು ಹಾಯಿಸಬಹುದು. ಹೋಗಿ ಸೇರಬೇಕಾದ ನಾಡಾದರೋ ಬೆಟ್ಟ ಮತ್ತು ಕಣಿವೆಗಳ ನಾಡು, ಆಕಾಶದ ಮಳೆಯನ್ನೇ ಕುಡಿದು ಬದುಕುವ ನಾಡು. ಇದನ್ನು ಓದಿದ ಕೋಲಾರದವರಿಗೆ ತಮ್ಮದೇ ಭೂಗೋಳವನ್ನು ಯಾರೋ ವರ್ಣಿಸಿದಂತೆ ತೋರಿದರೆ ಆಶ್ಚರ್ಯವಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಇದು. ನಂದಿಯ ಸೀಮೆಯಲ್ಲಿ ಹುಟ್ಟುವ ಪಾಲಾರ್ ಈ ಜಿಲ್ಲೆಯ ಮೂಲಕ ಹಾದುಹೋಗುತ್ತದೆಯಾದರೂ ಜನ ಬದುಕಿದ್ದು ಕೆರೆಗಳ ಮೇಲೆ ಮತ್ತು ಮಳೆಯ ಮೇಲೆ.

ಅಂಥ ನಾಡಿನ ಹೆಮ್ಮೆಯಾಗಿ ಅದೇ ಗ್ರಂಥ ಏಳು ಬೆಳೆಗಳನ್ನು ಹೆಸರಿಸುತ್ತದೆ: ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಓಲಿವ್ ಮತ್ತು ಜೇನು. ಇಲ್ಲಿ ಜೇನೆಂದರೆ ಹುಳುವಿನ ಜೇನಲ್ಲ, ಖರ್ಜೂರದಿಂದ ಇಳಿಸಿದ ಪಾಕವೆಂದು ಆ ಪರಂಪರೆಯ ಪಂಡಿತರು ವಿವರಿಸುತ್ತಾರೆ. ಈ ಏಳನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಎರಡು ಕಾಳು, ಒಂದು ಎಣ್ಣೆ, ನಾಲ್ಕು ಹಣ್ಣು. ಒಣಗಿಸಿ, ಹಿಂಡಿ, ಪಾಕವಿಳಿಸಿ ವರ್ಷವಿಡೀ ಇಟ್ಟುಕೊಳ್ಳಬಲ್ಲ ಪದಾರ್ಥಗಳೇ ಹೆಚ್ಚು. ಮಳೆ ಕೈಕೊಟ್ಟ ವರ್ಷಕ್ಕೂ ಸಿದ್ಧವಾಗಿರುವ ಊಟ ಅದು.

ಈ ಏಳರಲ್ಲಿ ಕೋಲಾರಕ್ಕೆ ಅತಿ ಹತ್ತಿರವಾದ ಕಥೆ ಜವೆಗೋಧಿಯದು. ಗೋಧಿ ಉಳ್ಳವರ ಧಾನ್ಯ, ಜವೆ ಬಡವರ ಧಾನ್ಯ. ‘ಅರಸುಗಳು’ ಎಂಬ ಭಾಗದಲ್ಲಿ ಬರುವ ಒಂದು ಧಾರಣೆಯ ಪ್ರಕಾರ ಒಂದು ಅಳತೆ ಗೋಧಿಹಿಟ್ಟಿನ ಬೆಲೆಗೆ ಎರಡು ಅಳತೆ ಜವೆ ಸಿಗುತ್ತಿತ್ತು. ವಿಧವೆ ರೂತಳು ಹೊಟ್ಟೆಪಾಡಿಗಾಗಿ ಬೇರೆಯವರ ಹೊಲದಲ್ಲಿ ಹಕ್ಕಲಾಯ್ದದ್ದು ಜವೆಯ ಸುಗ್ಗಿಯಲ್ಲಿ. ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯಕರ. ಗಿದ್ಯೋನನೆಂಬ ರೈತ ಮಿದ್ಯಾನ್ಯರ ದೊಡ್ಡ ಸೈನ್ಯವನ್ನು ಎದುರಿಸಬೇಕಾಗಿದ್ದಾಗ ಶತ್ರುಪಾಳೆಯದ ಸಿಪಾಯಿಯೊಬ್ಬನಿಗೆ ಕನಸು ಬೀಳುತ್ತದೆ: ಜವೆಯ ರೊಟ್ಟಿಯೊಂದು ಉರುಳುತ್ತ ಬಂದು ಡೇರೆಗೆ ಬಡಿದು ಅದನ್ನು ತಲೆಕೆಳಗು ಮಾಡುತ್ತದೆ. ಬಡವರ ರೊಟ್ಟಿ ಸೈನ್ಯವನ್ನು ಮಗುಚಿ ಹಾಕುವ ಆ ಕನಸಿಗೂ ಕನ್ನಡದ ಒಂದು ಕಾವ್ಯಕ್ಕೂ ಎಂಥ ನಂಟು! ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂಬ ಜಗಳ ಹುಟ್ಟಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೊನೆಗೆ ಭತ್ತ ಸೊರಗಿ ಕೆಟ್ಟಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಬಡವರ ಕಾಳಿಗೆ ರಾಘವನ ಹೆಸರೇ ಸಲ್ಲುತ್ತದೆ.

ಕಾವ್ಯದ ಆ ಪರೀಕ್ಷೆಯನ್ನು ಇಲ್ಲಿಯ ರೈತರು ತಲೆಮಾರುಗಳಿಂದ ಹಗೇವಿನಲ್ಲಿ ನಡೆಸಿಕೊಂಡು ಬಂದಿದ್ದಾರೆ. ಚೆನ್ನಾಗಿ ಒಣಗಿದ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ಕಾರಣ ಸರಳ. ಕಾಳು ಅತಿ ಸಣ್ಣದು, ಸಿಪ್ಪೆ ಗಟ್ಟಿ, ಮೇಲ್ಪದರದಲ್ಲಿ ಒಗರು ಕೊಡುವ ಟ್ಯಾನಿನ್ ಇದೆ. ಮುಚ್ಚಿದ ಹಗೇವಿನೊಳಗೆ ಕಾಳಿನ ಉಸಿರಾಟದಿಂದಲೇ ಆಮ್ಲಜನಕ ಕಡಿಮೆಯಾಗಿ ಹುಳು ಬದುಕಲಾರದು. ಅದೇ ಕಾರಣಕ್ಕೆ ಹಗೇವಿನ ಬಾಯಿ ತೆರೆದ ಕೂಡಲೇ ಮನುಷ್ಯ ಇಳಿಯುವುದೂ ಪ್ರಾಣಾಪಾಯ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದ ಹಿರಿಯರ ಪದ್ಧತಿ ಮೂಢನಂಬಿಕೆಯಾಗಿರಲಿಲ್ಲ.

ಇನ್ನು ಆರೋಗ್ಯದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮನ್ನೂ ದಾಟುವುದು ಕಷ್ಟ. ತೂಕಕ್ಕೆ ತೂಕ ಹೋಲಿಸಿದರೆ ಹಾಲಿಗಿಂತಲೂ ರಾಗಿಯಲ್ಲಿ ಸುಣ್ಣ ಹೆಚ್ಚು. ನಾರಿನಂಶ ಹತ್ತು ಗ್ರಾಂ ಮೀರಿದೆ, ಕಬ್ಬಿಣ ನಾಲ್ಕು ಮಿಲಿಗ್ರಾಮಿಗಿಂತ ಮೇಲಿದೆ. ಆದರೆ ಅಂಕಿಗಳನ್ನು ನೋಡಿ ಮರುಳಾಗಬಾರದು. ಕಾಳಿನಲ್ಲಿರುವುದೆಲ್ಲ ಮೈಗೆ ಸೇರುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಈ ಹಿಡಿತವನ್ನು ಸಡಿಲಿಸುವ ಉಪಾಯ ಅಜ್ಜಿಯರಿಗೆ ಗೊತ್ತಿತ್ತು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅಂಬಲಿ ತೆಳುವಾಗಿಯೇ ಉಳಿಯುತ್ತದೆ. ಹಾಗಾಗಿ ಸಣ್ಣ ಹೊಟ್ಟೆಯ ಮಗುವಿಗೆ ಒಂದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಕುಡಿಸಬಹುದು. ಬಣ್ಣದ ಡಬ್ಬಿಯಲ್ಲಿ ಬರುವ ಮಕ್ಕಳ ಆಹಾರಕ್ಕೆ ಸುರಿಯುವ ಹಣವನ್ನು ನೋಡಿದಾಗ ಈ ಮೊಳಕೆ ಕಟ್ಟುವ ವಿದ್ಯೆ ಮರೆತುಹೋದದ್ದು ಸಣ್ಣ ನಷ್ಟವಲ್ಲವೆನಿಸುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿಗೆ ರಕ್ತಹೀನತೆ. ರಾಗಿಯ ನಾಡಿನಲ್ಲಿ ಇದು ನಾಚಿಕೆಯ ಸಂಗತಿ. 2024ರ ಫೆಬ್ರುವರಿಯಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆಗೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾದದ್ದು ಸ್ವಾಗತಾರ್ಹ. ಆದರೆ ಶಾಲೆಯ ಒಂದು ಲೋಟದಿಂದ ಎಲ್ಲವೂ ಆಗುವುದಿಲ್ಲ. ಮನೆಯಲ್ಲಿ ಮುದ್ದೆಯ ಜೊತೆಗೆ ಏನಿದೆ ಎಂಬುದು ಮುಖ್ಯ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಅವರೆ ಹುರುಳಿ ತೊಗರಿಗಳಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕೊರತೆಯಾಗುವ ಮೆಥಿಯೊನಿನ್ ರಾಗಿಯಲ್ಲಿದೆ. ಮುದ್ದೆಯೂ ಅವರೆಕಾಳಿನ ಸಾರೂ ಒಂದೇ ತಟ್ಟೆಗೆ ಬಂದದ್ದು ಆಕಸ್ಮಿಕವಲ್ಲ. ಅದಕ್ಕೆ ಬೆರಕೆ ಸೊಪ್ಪು ಸೇರಬೇಕು. ಹೊಲದ ಬದುವಿನ ಅಣ್ಣೆ ಸೊಪ್ಪು, ಕಿರಕಸಾಲೆ, ನುಗ್ಗೆ ಇವು ಯಾರೂ ಬಿತ್ತದೆ ಬೆಳೆಯುವ ತರಕಾರಿಗಳು. ಕಳೆನಾಶಕ ಹೊಡೆದ ಹೊಲದಲ್ಲಿ ಮೊದಲು ಸಾಯುವುದೂ ಅವೇ. ಊಟದ ಜೊತೆ ಒಂದು ಹಸಿ ನೆಲ್ಲಿಕಾಯಿ ಕಚ್ಚಿಕೊಂಡರೆ ಅದರ ಸಿ ಜೀವಸತ್ವದಿಂದ ಕಬ್ಬಿಣ ಮೈಗೆ ಹಿಡಿಯುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಹಿಡಿಯುವುದಿಲ್ಲ.

ಸಕ್ಕರೆ ಕಾಯಿಲೆಯವರು ರಾಗಿಯನ್ನು ಮದ್ದೆಂದು ತಿಳಿದು ಮೂರು ದೊಡ್ಡ ಮುದ್ದೆ ಉಣ್ಣುವುದುಂಟು. ಅದು ತಪ್ಪು. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ಪಿಷ್ಟವೇ, ಅಳತೆ ಮೀರಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಸಣ್ಣ ಮುದ್ದೆ, ಹೆಚ್ಚು ಸೊಪ್ಪು ಮತ್ತು ಕಾಳು, ವೈದ್ಯರು ಕೊಟ್ಟ ಮಾತ್ರೆ ತಪ್ಪದಂತೆ: ಇದೇ ಸರಿಯಾದ ದಾರಿ. ನೇರಳೆ ಬೀಜದ ಪುಡಿಗೂ ಇದೇ ಮಾತು ಅನ್ವಯ. ಅದರ ಮೇಲೆ ಪ್ರಾಣಿಗಳಲ್ಲಿ ಅನೇಕ ಪ್ರಯೋಗಗಳಾಗಿವೆ, ಮನುಷ್ಯರಲ್ಲಿ ಗಟ್ಟಿಯಾದ ಸಾಕ್ಷ್ಯ ಸ್ವಲ್ಪವೇ. ಹಣ್ಣು ತಿನ್ನಲಿ, ಮಾತ್ರೆ ಬಿಡದಿರಲಿ.

ಯೆಹೂದ್ಯ ಗ್ರಂಥದಲ್ಲಿಯೂ ಆಹಾರದ ‘ಪ್ರಯೋಗ’ವೊಂದಿದೆ. ಬಾಬೆಲಿನ ಅರಮನೆಯಲ್ಲಿ ಸೆರೆಯಾಗಿದ್ದ ದಾನಿಯೇಲನೂ ಅವನ ಮೂವರು ಗೆಳೆಯರೂ ರಾಜಭೋಜನವನ್ನು ಬಿಟ್ಟು ಹತ್ತು ದಿನ ಕಾಯಿಪಲ್ಯ ಮತ್ತು ನೀರಿನಲ್ಲಿಯೇ ಇದ್ದು, ರಾಜಭೋಜನ ಉಂಡವರಿಗಿಂತ ಪುಷ್ಟರಾಗಿ ಕಂಡರಂತೆ. ಎರಡು ಗುಂಪು ಮಾಡಿ ಹೋಲಿಸಿ ನೋಡುವ ವಿಧಾನ ಅಷ್ಟು ಹಿಂದಿನ ಬರಹದಲ್ಲಿ ಕಾಣುವುದು ವಿದ್ಯಾರ್ಥಿಗಳಿಗೆ ಕುತೂಹಲದ ವಿಷಯ. ನಾಲ್ಕೇ ಜನ, ಹತ್ತೇ ದಿನ. ಇಂದಿನ ಪತ್ರಿಕೆಗಳು ಅದನ್ನು ಪ್ರಕಟಿಸಲಾರವು, ಅದು ಬೇರೆ ಮಾತು. ಪ್ರವಾದಿ ಯೆಹೆಜ್ಕೇಲನ ರೊಟ್ಟಿಯ ಕಥೆ ಇನ್ನೊಂದು ಬಗೆಯದು. ಗೋಧಿ, ಜವೆ, ಅವರೆಯ ಜಾತಿಯ ಕಾಳು, ಚನ್ನಂಗಿ, ಸಿರಿಧಾನ್ಯ ಎಲ್ಲವನ್ನೂ ಬೆರೆಸಿ ಮಾಡಿದ ಆ ರೊಟ್ಟಿಯನ್ನು ಅಮೆರಿಕದ ಅಂಗಡಿಗಳಲ್ಲಿ ಆರೋಗ್ಯದ ರೊಟ್ಟಿಯೆಂದು ಮಾರುತ್ತಾರೆ. ಮೂಲದಲ್ಲಿ ಅದು ಮುತ್ತಿಗೆಗೆ ಸಿಕ್ಕಿದ ಪಟ್ಟಣದ ಬರಗಾಲದ ಊಟ, ತೂಕ ಹಾಕಿ ತಿನ್ನಬೇಕಾದ ಊಟ. ಇದ್ದಬದ್ದ ಕಾಳನ್ನೆಲ್ಲ ಗೋರಿ ಸೇರಿಸಿದ್ದು. ಆದರೂ ಧಾನ್ಯ ಮತ್ತು ದ್ವಿದಳ ಕೂಡಿದ್ದರಿಂದ ಅದು ಬರಿಯ ಗೋಧಿರೊಟ್ಟಿಗಿಂತ ಒಳ್ಳೆಯ ಊಟವಾಯಿತು ಎನ್ನಲು ಅಡ್ಡಿಯಿಲ್ಲ.

ತಟ್ಟೆಯಲ್ಲಿ ಬೆರೆಸಿದರೂ ಹೊಲದಲ್ಲಿ ಬೆರೆಸಲು ಆ ಗ್ರಂಥ ಒಪ್ಪುವುದಿಲ್ಲ. ಒಂದೇ ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದೆಂದು ಯಾಜಕಕಾಂಡ ವಿಧಿಸುತ್ತದೆ. ಎಷ್ಟು ಅಂತರ ಬಿಡಬೇಕೆಂಬ ಬಗ್ಗೆ ಮುಂದಿನ ಪಂಡಿತರು ದೀರ್ಘವಾಗಿ ಚರ್ಚಿಸಿದ್ದಾರೆ. ಈ ಒಂದು ವಿಷಯದಲ್ಲಿ ಕೋಲಾರದ ರೈತನ ದಾರಿ ಬೇರೆ, ಮತ್ತು ಮಳೆಯಾಶ್ರಿತ ಕೆಂಪು ಮಣ್ಣಿಗೆ ಅದೇ ಹೆಚ್ಚು ಸರಿ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಲಸಂದೆ, ಅಂಚಿಗೆ ಹರಳು. ದ್ವಿದಳ ಬೆಳೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ, ಹುಚ್ಚೆಳ್ಳಿನ ಹಳದಿ ಹೂವು ಜೇನುಹುಳುಗಳನ್ನು ಕರೆಯುತ್ತದೆ, ರಾಗಿ ಕೈಕೊಟ್ಟರೂ ತೊಗರಿ ಕೈಬಿಡುವುದಿಲ್ಲ. ಮನೆಯ ಸಾರು, ಎಣ್ಣೆ, ದನದ ಮೇವು ಎಲ್ಲವೂ ಒಂದೇ ಹೊಲದಿಂದ.

ಹಣ್ಣುಗಳಿಗೆ ಬಂದರೆ, ಏಳರ ಪೈಕಿ ಎರಡಕ್ಕೆ ಈ ಬೆಟ್ಟಗಳಲ್ಲಿ ಹತ್ತಿರದ ಬಂಧುಗಳಿವೆ. ಅಂಜೂರದ ಬಂಧು ಅತ್ತಿ. ಹಿಜ್ಕೀಯನೆಂಬ ಅರಸನ ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿ ವಾಸಿಮಾಡಿದ ಪ್ರಸಂಗ ಯೆಶಾಯನ ಗ್ರಂಥದಲ್ಲಿದೆ. ಆಮೋಸನೆಂಬ ಪ್ರವಾದಿಯಂತೂ ತಾನು ಕುರುಬ, ಕಾಡು ಅಂಜೂರದ ಮರಗಳನ್ನು ನೋಡಿಕೊಳ್ಳುವವನೆಂದು ಹೇಳಿಕೊಂಡವನು. ಆ ಕಾಡು ಅಂಜೂರವೂ ಕೋಲಾರದ ಅತ್ತಿಯೂ ಸಸ್ಯಶಾಸ್ತ್ರದಲ್ಲಿ ಒಂದೇ ಗುಂಪಿನವು. ಎರಡೂ ಕಾಂಡದ ಮೇಲೆಯೇ ಗೊಂಚಲು ಗೊಂಚಲಾಗಿ ಕಾಯಿಬಿಡುತ್ತವೆ. ಕುರಿ ಕಾಯುತ್ತ ಅತ್ತಿಹಣ್ಣು ತಿಂದು ಬೆಳೆದ ಹುಡುಗರಿಗೆ ಆಮೋಸ ಅಪರಿಚಿತನಲ್ಲ. ಖರ್ಜೂರದ ಬಂಧು ಈಚಲು. ಇದರ ಹಣ್ಣಿನಲ್ಲಿ ತಿರುಳು ತೆಳು, ಬೀಜ ದೊಡ್ಡದು, ಆದರೂ ಸಿಹಿಯಿದೆ. ಮಕ್ಕಳು ಈಗ ಅದನ್ನು ಮರೆತಿದ್ದಾರೆ.

ದ್ರಾಕ್ಷಿ ಇಲ್ಲಿಯದೇ ಆಗಿಬಿಟ್ಟಿದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ದಾಳಿಂಬೆ ಹಿತ್ತಿಲಲ್ಲಿ ಒಂದು ಗಿಡವಿದ್ದರೆ ಲೇಸು. ತೋಟದ ದಾಳಿಂಬೆಗೆ ಹೊಡೆಯುವ ಔಷಧಗಳ ಪಟ್ಟಿ ಉದ್ದ. ಓಲಿವ್ ಇಲ್ಲಿ ಬೆಳೆಯದು, ಬೆಳೆಯಬೇಕೆಂದೂ ಇಲ್ಲ. ಓಲಿವ್ ಎಣ್ಣೆಯ ಬಳಕೆಯಿಂದ ಹೃದಯದ ತೊಂದರೆಗಳು ಕಡಿಮೆಯಾದವೆಂದು ಸ್ಪೇನ್ ದೇಶದ ದೊಡ್ಡ ಅಧ್ಯಯನವೊಂದು 2013ರಲ್ಲಿ, ಪರಿಷ್ಕೃತವಾಗಿ 2018ರಲ್ಲಿ ತಿಳಿಸಿತು. ಅದನ್ನು ಓದಿ ಲೀಟರಿಗೆ ಸಾವಿರ ರೂಪಾಯಿ ಕೊಡುವವರಿದ್ದಾರೆ. ಓಲಿವ್ ಎಣ್ಣೆಯಲ್ಲಿ ಪ್ರಧಾನವಾಗಿರುವ ಓಲಿಯಿಕ್ ಆಮ್ಲ ಮುಳಬಾಗಿಲು, ಶ್ರೀನಿವಾಸಪುರದ ಕಡಲೆಕಾಯಿ ಎಣ್ಣೆಯಲ್ಲಿಯೂ ಸರಿಸುಮಾರು ಅರ್ಧದಷ್ಟಿದೆ. ಗಾಣದ ಎಣ್ಣೆ, ಮಿತವಾಗಿ, ಸಾಕು.

ಏಳರ ಪಟ್ಟಿಯಲ್ಲಿಲ್ಲದ ಒಂದು ಹಣ್ಣನ್ನು ಕೋಲಾರದವರು ತಮ್ಮ ಪಟ್ಟಿಯ ಮೊದಲಿಗೆ ಬರೆದುಕೊಳ್ಳಬೇಕು. ಅದು ಹುಣಸೆ. ಆಳದ ಕೊಳವೆಬಾವಿಗಳಿಂದ ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವ ಊರುಗಳು ಜಿಲ್ಲೆಯಲ್ಲಿ ಎಷ್ಟೋ ಇವೆ. ಮಕ್ಕಳ ಹಲ್ಲಿನ ಕಂದುಕಲೆ, ದೊಡ್ಡವರ ಬಗ್ಗದ ಕೀಲುಗಳು ಅದರ ಗುರುತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟು ನೋಡಿದಾಗ ಮೂತ್ರದ ಮೂಲಕ ಹೊರಹೋಗುವ ಫ್ಲೋರೈಡ್ ಹೆಚ್ಚಾಯಿತೆಂದು 2002ರಲ್ಲಿ ಪ್ರಕಟಿಸಿದರು. ಊಟದಲ್ಲಿ ಸುಣ್ಣ ಮತ್ತು ಸಿ ಜೀವಸತ್ವ ಸಾಕಷ್ಟಿದ್ದವರಿಗೆ ಫ್ಲೋರೈಡಿನ ಕಾಟ ಕಡಿಮೆಯೆಂಬುದೂ ತಿಳಿದ ವಿಷಯ. ರಾಗಿ ಮುದ್ದೆ, ಹುಣಸೆ ಹಿಂಡಿದ ಸೊಪ್ಪಿನ ಸಾರು, ನೆಲ್ಲಿಕಾಯಿ: ಬೇರೆ ಕಾರಣಗಳಿಗಾಗಿ ಹುಟ್ಟಿದ ಈ ಊಟ ಇಂದಿನ ವಿಷಕ್ಕೂ ಸ್ವಲ್ಪ ತಡೆಯಾಗಿದೆ. ಇದು ಶುದ್ಧ ನೀರಿಗೆ ಬದಲಿಯಲ್ಲ, ನೀರಿಗಾಗಿ ನಡೆಸುವ ಹೋರಾಟವನ್ನು ನಿಲ್ಲಿಸಲು ನೆಪವೂ ಅಲ್ಲ.

ಇಲ್ಲಿ ‘ಸಾಂಪ್ರದಾಯಿಕ’ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಬಂಡೆಗಳ ಸಂದಿಯಲ್ಲಿ ತಾನಾಗಿ ಬೆಳೆಯುವ ಸೀತಾಫಲ ಅಮೆರಿಕ ಖಂಡದಿಂದ ಬಂದದ್ದು. ಇಂಡಾಫ್ ಎಂಬ ಹೆಸರಿನ ರಾಗಿ ತಳಿಗಳು ಭಾರತ ಮತ್ತು ಆಫ್ರಿಕಾದ ರಾಗಿಗಳ ಸಂಕರ. ಮಂಡ್ಯದಲ್ಲಿ ಅವುಗಳನ್ನು ರೂಪಿಸಿದ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯನವರೆಂದೇ ಕರೆದರು. ಕೊಂಕಣ ಕರಾವಳಿಯಲ್ಲಿ ನೆಲೆಸಿದ ಬೆನೆ ಇಸ್ರೇಲ್ ಯೆಹೂದ್ಯರು ಪ್ರವಾದಿ ಎಲೀಯನ ಹೆಸರಿನಲ್ಲಿ ಅರ್ಪಿಸುವ ‘ಮಲಿದಾ’ದಲ್ಲಿ ಇರುವುದು ಅವಲಕ್ಕಿ, ತೆಂಗಿನತುರಿ, ಬೆಲ್ಲ ಮತ್ತು ಈ ನೆಲದ ಹಣ್ಣುಗಳು. ಮುಳಬಾಗಿಲಿನ ತೆಲುಗು ಮನೆಗಳಲ್ಲಿ ಸಂಗಟಿ, ಪಕ್ಕದ ಕನ್ನಡ ಮನೆಯಲ್ಲಿ ಮುದ್ದೆ. ಬಂದು ನಿಂತು ಮಣ್ಣಿಗೂ ಮಳೆಗೂ ಒಗ್ಗಿಕೊಂಡದ್ದೇ ಈ ನೆಲದ್ದು.

ಒಗ್ಗದೆಯೂ ಬೆಟ್ಟಗಳನ್ನು ಆಕ್ರಮಿಸಿದ್ದು ನೀಲಗಿರಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಮಾಲೂರು, ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದುದನ್ನು ವಂದನಾ ಶಿವ ಮತ್ತು ಸಂಗಡಿಗರು 1981ರಲ್ಲಿಯೇ ಅಧ್ಯಯನ ಮಾಡಿ ಎಚ್ಚರಿಸಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಮೂವತ್ತಾರು ವರ್ಷ! ಅಷ್ಟರಲ್ಲಿ ಎಷ್ಟು ರಾಗಿ, ಎಷ್ಟು ಅವರೆ, ಎಷ್ಟು ಹುಚ್ಚೆಳ್ಳು ತಟ್ಟೆಯಿಂದ ಮಾಯವಾಯಿತೆಂದು ಲೆಕ್ಕ ಹಾಕಿದವರಿಲ್ಲ. ಒಂದೇ ಬೆಳೆಗೆ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊಸ ಉದಾಹರಣೆ ಬೇಕಾದರೆ ಶ್ರೀನಿವಾಸಪುರವನ್ನೇ ನೋಡಬಹುದು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಒಳಬರದಂತೆ ತಡೆದಾಗ, ಅಲ್ಲಿಯ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಮಾವು ಒಳ್ಳೆಯ ಹಣ್ಣೇ, ಎ ಜೀವಸತ್ವಕ್ಕೆ ಅದರಷ್ಟು ರುಚಿಯಾದ ದಾರಿ ಇನ್ನೊಂದಿಲ್ಲ. ಆದರೆ ಮನೆಯ ಹಗೇವು ಖಾಲಿಯಿಟ್ಟುಕೊಂಡು ಮಾವಿನ ಮಂಡಿಯ ಧಾರಣೆಗೆ ಕಾಯುವ ರೈತ ಅಕ್ಕಿಯನ್ನೂ ಕೊಳ್ಳಬೇಕು, ರಾಗಿಯನ್ನೂ ಕೊಳ್ಳಬೇಕು. 2025–26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಂದೆರಡು ಎಕರೆಯಾದರೂ ಅಕ್ಕಡಿಯೊಡನೆ ರಾಗಿಗೆ ಬಿಡುವುದು ಈಗ ಕೇವಲ ಹಳೆಯ ಅಭಿಮಾನದ ಮಾತಲ್ಲ.

ಯೆಹೂದ್ಯ ಗ್ರಂಥದ ಮರದ ಕಟ್ಟಳೆಗಳನ್ನು ವಿದ್ಯಾರ್ಥಿಗಳು ಓದಿ ನೋಡಬೇಕು. ಯುದ್ಧದಲ್ಲಿ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರವನ್ನು ಕಡಿಯಬಾರದು. ಸುಗ್ಗಿಯಲ್ಲಿ ಹೊಲದ ಮೂಲೆಗಳನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಏಳನೆಯ ವರ್ಷ ಭೂಮಿಗೆ ಬಿಡುವು ಕೊಡಬೇಕು. ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನಬಾರದು. ಕಸಿ ಮಾವಿನ ಹೂವನ್ನು ಮೊದಲ ಮೂರು ವರ್ಷ ಚಿವುಟಬೇಕೆಂದು ತೋಟಗಾರಿಕೆಯವರು ಹೇಳುವುದೂ ಮರ ಗಟ್ಟಿಯಾಗಲೆಂದೇ. ವರ್ಷಕ್ಕೊಮ್ಮೆ ಶೆವಾಟ್ ತಿಂಗಳ ಹದಿನೈದನೆಯ ದಿನ ಅವರಿಗೆ ಮರಗಳ ಹೊಸ ವರ್ಷ, ಅಂದು ಏಳು ಬೆಳೆಗಳ ಹಣ್ಣುಗಳನ್ನು ತಿನ್ನುವ ರೂಢಿಯಿದೆ.

ಮಸಾದಾ ಎಂಬ ಅಲ್ಲಿಯ ಬೆಟ್ಟದ ಕೋಟೆಯನ್ನು 1960ರ ದಶಕದಲ್ಲಿ ಅಗೆದಾಗ ಹಳೆಯ ಖರ್ಜೂರದ ಬೀಜಗಳು ಸಿಕ್ಕಿದವು. 2005ರಲ್ಲಿ ಅವುಗಳಲ್ಲಿ ಒಂದನ್ನು ನೆಟ್ಟಾಗ, ಸುಮಾರು ಎರಡು ಸಾವಿರ ವರ್ಷ ಮಲಗಿದ್ದ ಬೀಜ ಮೊಳೆಯಿತು. ಮುಂದೆ ಅಂಥದೇ ಹಳೆಯ ಬೀಜದಿಂದ ಬೆಳೆಸಿದ ಹೆಣ್ಣು ಮರವೊಂದು 2020ರಲ್ಲಿ ಹಣ್ಣನ್ನೂ ಕೊಟ್ಟಿತು. ಆದರೆ ಎಲ್ಲ ಬೀಜಗಳಿಗೂ ಇಂಥ ತಾಳ್ಮೆಯಿಲ್ಲ. ನೇರಳೆಯ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣು ತಿಂದ ಒಂದೆರಡು ವಾರಗಳೊಳಗೆ ಅದು ಮಣ್ಣು ಸೇರಬೇಕು. ಜೂನ್, ಜುಲೈನಲ್ಲಿ ಹಣ್ಣು ಬೀಳುವ ಹೊತ್ತಿಗೆ ಶಾಲೆಗಳೂ ತೆರೆದಿರುತ್ತವೆ, ಮುಂಗಾರಿನ ತೇವವೂ ಇರುತ್ತದೆ. ತಿಂದ ಬೀಜವನ್ನು ತೊಳೆದು, ನೆರಳಲ್ಲಿಟ್ಟು, ಅದೇ ವಾರ ಬೆಟ್ಟದ ತಪ್ಪಲಿನ ಹಳ್ಳದ ಬದಿಯಲ್ಲಿ ಎರಡು ಬೆರಳು ಆಳಕ್ಕೆ ಊರಬೇಕು. ಜೊತೆಗೆ ಬೇಲ, ಕವಳೆ, ಎಲಚಿ. ಮೇಯಲು ಬರುವ ಮೇಕೆಗೆ ಸಿಗದಂತೆ ಸುತ್ತ ಮುಳ್ಳು ಒತ್ತುವುದನ್ನು ಮರೆಯಬಾರದು, ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿಯಿಡುವವರನ್ನು ತಡೆಯುವ ಕೆಲಸ ಫೆಬ್ರುವರಿಯಿಂದಲೇ ಆರಂಭವಾಗಬೇಕು.